ಮುತ್ತಜ್ಜನ ಎರಡು ಸಂಸಾರ: ಗ್ರ್ಯಾಂಪ್ಸ್‌ನಲ್ಲಿ ಹೆತ್ತವರು, ಮಲತಾಯಿ, ಮಲತಂದೆ ಸರಿಪಡಿಸಿದ ಬಗೆ

ನಮ್ಮ ಮನೆತನದ ವಂಶವೃಕ್ಷದ ಫೈಲಿನಲ್ಲಿ ಮುತ್ತಜ್ಜನಿಗೆ ಒಬ್ಬಳೇ ಹೆಂಡತಿ, ಆಕೆಗೆ ಆರು ಮಕ್ಕಳು ಎಂದಿತ್ತು. ನಿಜ ಹಾಗಿಲ್ಲ. ಹಿರಿಯಜ್ಜಿಗೆ ಇಬ್ಬರು ಮಕ್ಕಳು: ಅಜ್ಜ ಮತ್ತು ಅಜ್ಜನ ಅಕ್ಕ. ಆಕೆ ತೀರಿಕೊಂಡ ಮೇಲೆ ಮುತ್ತಜ್ಜ ಕಿರಿಯಜ್ಜಿಯನ್ನು ಉಡಿಕೆ (ಸೀರೆ ಉಡಿಸಿ ಆಗುವ ಮರುಮದುವೆ) ಮಾಡಿಕೊಂಡ. ಕಿರಿಯಜ್ಜಿ ಗಂಡ ಸತ್ತವಳು, ಬರುವಾಗ ಮೊದಲ ಗಂಡನ ಮಗನನ್ನು ಕರೆದುಕೊಂಡು ಬಂದಳು. ಅವನೇ ನಮ್ಮ ಸಣ್ಣಜ್ಜ. ಆಮೇಲೆ ಮುತ್ತಜ್ಜ, ಕಿರಿಯಜ್ಜಿ ದಂಪತಿಗೆ ಮೂರು ಮಕ್ಕಳಾದವು. ಅದರಲ್ಲಿ ಕೊನೆಯವನನ್ನು ಮುತ್ತಜ್ಜನ ತಮ್ಮ ದತ್ತಕ್ಕೆ ತೆಗೆದುಕೊಂಡ.

ಇಷ್ಟನ್ನೂ ಫೈಲು ಒಂದೇ ಕುಟುಂಬವೆಂದು ತೋರಿಸುತ್ತಿತ್ತು. ಹಿರಿಯಜ್ಜಿಯ ಹೆಸರೇ ಇರಲಿಲ್ಲ. ಇಬ್ಬರನ್ನು ಹೆತ್ತು ಎಳೆಯ ವಯಸ್ಸಿನಲ್ಲೇ ಹೋದ ಹೆಣ್ಣುಮಗಳು ತನ್ನದೇ ಮನೆತನದ ಪಟ್ಟಿಯಿಂದ ಅಳಿಸಿಹೋಗುವುದು ನನಗೆ ಸಹಿಸಲಾಗಲಿಲ್ಲ. ಹಾಗೆಂದು ಅಜ್ಜನನ್ನು ಸಾಕಿ ಬೆಳೆಸಿದ ಕಿರಿಯಜ್ಜಿಯನ್ನು ಆಚೆ ಸರಿಸುವುದೂ ಆಗದ ಮಾತು. ಇಬ್ಬರೂ ಅವರವರ ಜಾಗದಲ್ಲಿ ಇರಬೇಕು. ಅದಕ್ಕಾಗಿ ಮಾಡಿದ ಕೆಲಸವನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಎರಡು ಮದುವೆ, ಉಡಿಕೆ, ದತ್ತಕ ಇಲ್ಲದ ಮನೆತನ ನಮ್ಮ ಕಡೆ ಅಪರೂಪ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಬಳಸಿದ್ದು: ಗ್ರ್ಯಾಂಪ್ಸ್ 5.2 (ವಂಶವೃಕ್ಷ ಬರೆದಿಡುವ ಉಚಿತ, ಮುಕ್ತ ತಂತ್ರಾಂಶ), ಲಿನಕ್ಸ್ ಮಿಂಟ್ ಹಾಕಿದ ಹಳೆಯ ಲ್ಯಾಪ್‌ಟಾಪ್, ಕಾಗದಪತ್ರಗಳ ಫೋಟೋ ತೆಗೆಯಲು ಮೊಬೈಲು, ಕೊನೆಗೆ ನಕ್ಷೆ ತಿದ್ದಲು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶ.

ಹಂತ 1: ಫೈಲು ತರಿಸಿದ್ದು

ಹಳೆಯ ಪಟ್ಟಿ ಅಣ್ಣನ ಕಂಪ್ಯೂಟರಿನಲ್ಲಿ ಬೇರೊಂದು ತಂತ್ರಾಂಶದಲ್ಲಿತ್ತು. ಅಲ್ಲಿಂದ ಜೆಡ್‌ಕಾಮ್ (ವಂಶವೃಕ್ಷವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಫೈಲಿನ ಬಗೆ) ಫೈಲಾಗಿ ಹೊರತೆಗೆದು ಕಳಿಸಿದ. ತೆರೆದರೆ ಸುಮಾರು 200 ಜನರ ಹೆಸರಿನ ಜಾಗದಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆ. ಆ ತಂತ್ರಾಂಶ ಹಳೆಯ ಅಕ್ಷರ ಸಂಕೇತದಲ್ಲಿ ಫೈಲು ಬರೆದಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗೆ ಹೋದ ಅಕ್ಷರ ಯಾವ ಪರಿವರ್ತಕದಿಂದಲೂ ಮರಳಿ ಬರುವುದಿಲ್ಲ, ಮೂಲದಿಂದಲೇ ಮತ್ತೆ ತೆಗೆಯಬೇಕು. ಜೆಡ್‌ಕಾಮ್ 5.5.1ರಲ್ಲಿ ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಎಂಬ ಅಕ್ಷರ ಸಂಕೇತ ಇದೆ. ಎಕ್ಸ್‌ಪೋರ್ಟ್ ಪರದೆಯಲ್ಲಿ ಅದನ್ನು ಆರಿಸಿ ಮತ್ತೆ ಕಳಿಸಿದ, ಹೆಸರುಗಳು ಸರಿಯಾಗಿ ಬಂದವು.

ಗ್ರ್ಯಾಂಪ್ಸ್‌ನಲ್ಲಿ ಹೊಸ ಖಾಲಿ ವೃಕ್ಷ ತೆರೆದು ಅದರೊಳಗೆ ತಂದುಕೊಂಡೆ. ಏನನ್ನೂ ಮುಟ್ಟುವ ಮೊದಲು ‘ಮೇಕ್ ಬ್ಯಾಕಪ್’ ಒತ್ತಿ ಒಂದು ಪ್ರತಿ ತೆಗೆದಿಟ್ಟೆ. ಗ್ರ್ಯಾಂಪ್ಸ್‌ನಲ್ಲಿ ಮಾಡಿದ್ದನ್ನು ಹಿಂದಕ್ಕೆ ಪಡೆಯಬಹುದು ನಿಜ, ಆದರೆ ತಂತ್ರಾಂಶ ಮುಚ್ಚುವವರೆಗೆ ಮಾತ್ರ. ಮುಚ್ಚಿ ತೆರೆದರೆ ಆ ಇತಿಹಾಸ ಇರುವುದಿಲ್ಲ. ಆದ್ದರಿಂದ ಪ್ರತಿ ಹಂತ ಮುಗಿದಾಗಲೂ ಒಂದೊಂದು ಬ್ಯಾಕಪ್, ಹೆಸರಿನ ಕೊನೆಗೆ ಹಂತದ ಸಂಖ್ಯೆ.

ಹಂತ 2: ತಪ್ಪು ಎಲ್ಲೆಲ್ಲಿದೆ ಎಂದು ಹುಡುಕಿದ್ದು

‘ಟೂಲ್ಸ್’ ಒಳಗೆ ‘ಯುಟಿಲಿಟೀಸ್’, ಅದರಲ್ಲಿ ‘ವೆರಿಫೈ ದ ಡೇಟಾ’. ವಯಸ್ಸು, ದಿನಾಂಕ ಹೊಂದದ ಕಡೆಯೆಲ್ಲ ಅದು ಎಚ್ಚರಿಕೆ ಕೊಡುತ್ತದೆ. ಕಿರಿಯಜ್ಜಿಯ ಹೆಸರಿನ ಮುಂದೆ ಹೆರಿಗೆಯ ವಯಸ್ಸು ತೀರಾ ಕಡಿಮೆ ಎಂದು ತೋರಿಸಿತು. ಮರಣ ಪತ್ರದ ಪ್ರಕಾರ ಆಕೆ 1986ರಲ್ಲಿ ತೀರಿಕೊಂಡಾಗ 78. ಅಂದರೆ ಹುಟ್ಟಿದ್ದು 1908ರ ಸುಮಾರು. ಅಜ್ಜನ ಅಕ್ಕ ಹುಟ್ಟಿದ್ದು 1918. ಹತ್ತು ವರ್ಷದ ಹುಡುಗಿಯನ್ನು ಫೈಲು ತಾಯಿ ಮಾಡಿ ಕೂರಿಸಿತ್ತು!

ಜೊತೆಗೆ ಇನ್ನೊಂದು ಸಿಕ್ಕಿತು. ಕಿರಿಯಜ್ಜಿ ಪಟ್ಟಿಯಲ್ಲಿ ಇಬ್ಬರಾಗಿದ್ದಳು. ತವರಿನ ಹೆಸರಿನಲ್ಲಿ ಒಬ್ಬಳು, ಗಂಡನ ಮನೆಯಲ್ಲಿ ಇಟ್ಟ ಹೆಸರಿನಲ್ಲಿ ಇನ್ನೊಬ್ಬಳು. ಇಬ್ಬರನ್ನೂ ಒಟ್ಟಿಗೆ ಆರಿಸಿ ‘ಮರ್ಜ್’ ಕೊಟ್ಟೆ. ಒಂದು ಹೆಸರು ಮುಖ್ಯ ಹೆಸರಾಗಿ ಉಳಿದು ಇನ್ನೊಂದು ಪರ್ಯಾಯ ಹೆಸರುಗಳ ಪಟ್ಟಿಗೆ ಹೋಗುತ್ತದೆ, ಏನೂ ಕಳೆಯುವುದಿಲ್ಲ. ಸಂಬಂಧ ತಿದ್ದುವುದಕ್ಕೆ ಮೊದಲೇ ಈ ಜೋಡಿಸುವ ಕೆಲಸ ಮುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಅರ್ಧ ಮಕ್ಕಳು ಒಂದು ದಾಖಲೆಗೆ, ಅರ್ಧ ಇನ್ನೊಂದಕ್ಕೆ ಅಂಟಿಕೊಳ್ಳುತ್ತವೆ.

ಹಂತ 3: ಆಧಾರ ಕೂಡಿಸಿದ್ದು

ತಂತ್ರಾಂಶದ ಕೆಲಸಕ್ಕಿಂತ ಇದಕ್ಕೇ ಹೆಚ್ಚು ಸಮಯ ಹೋಯಿತು, ಹೋಗಬೇಕಾದದ್ದೇ.

ಸಣ್ಣಜ್ಜನ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮುತ್ತಜ್ಜನ ಹೆಸರಿದೆ. ನಮ್ಮ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುವ ರೂಢಿ. ಅಣ್ಣ ಅದನ್ನೇ ನಂಬಿ ಸಣ್ಣಜ್ಜನನ್ನು ಮುತ್ತಜ್ಜನ ಮಗನೆಂದು ಹಾಕಿದ್ದ. ದಾಖಲೆ ನೋಡಿದ ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ಹೆಳವರ ಪುಸ್ತಕ ಬೇರೆ ಹೇಳಿತು. ಸುಗ್ಗಿಯ ನಂತರ ಎತ್ತಿನ ಮೇಲೆ ಊರೂರಿಗೆ ಬಂದು ವಂಶಾವಳಿ ಓದಿ ಹೇಳುವ ಹೆಳವರು ನಮ್ಮ ಮನೆಗೂ ಬರುತ್ತಾರೆ. ಈಗ ಬರುವವರು ಬೈಕಿನಲ್ಲಿ ಬರುತ್ತಾರೆ, ಪುಸ್ತಕ ಮಾತ್ರ ಅದೇ. ಜೋಳದ ಜೊತೆ 500 ರೂಪಾಯಿ ಕೊಟ್ಟು, ಅವರ ಒಪ್ಪಿಗೆ ಕೇಳಿ ನಮ್ಮ ಮನೆತನದ ಪುಟಗಳ ಫೋಟೋ ತೆಗೆದುಕೊಂಡೆ. ಅಲ್ಲಿ ಮುತ್ತಜ್ಜನ ಹೆಸರಿನ ಕೆಳಗೆ ‘ಹಿರೇ ಹೆಂಡತಿ’ ಎಂದು ಬರೆದು ಅಜ್ಜನ ಹೆಸರು, ‘ಕಿರೇ ಹೆಂಡತಿ’ ಎಂದು ಬರೆದು ಒಬ್ಬನೇ ಮಗನ ಹೆಸರು. ಕೊನೆಯವನು ಮುತ್ತಜ್ಜನ ತಮ್ಮನ ಕೆಳಗಿದ್ದಾನೆ. ಸಣ್ಣಜ್ಜ ಎಲ್ಲಿಯೂ ಇಲ್ಲ. ಹೆಣ್ಣುಮಕ್ಕಳ ಹೆಸರೂ ಇಲ್ಲ, ಅದು ಆ ಪುಸ್ತಕದ ಮಿತಿ. ಹೀಗಾಗಿ ಒಂದೇ ಆಧಾರದ ಮೇಲೆ ಮನೆತನ ಕಟ್ಟಬಾರದು.

ಮೂರನೆಯದು 1950ರ ದಶಕದ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲು ಮಾಡಿಕೊಂಡ ಪತ್ರ. ಅದರಲ್ಲಿ ಸಣ್ಣಜ್ಜನಿಗೆ ಪಾಲು ಎಂದು ಬರೆದಿಲ್ಲ, ‘ಮನೆಯಲ್ಲಿ ಬೆಳೆದ ಮಗನಿಗೆ’ ಎಂದು ಎರಡು ಎಕರೆ ಬೇರೆಯಾಗಿ ಕೊಟ್ಟಿದೆ.

ನಾಲ್ಕನೆಯವರು ಅಪ್ಪನ ಅತ್ತೆ, ಅಂದರೆ ಕಿರಿಯಜ್ಜಿಯ ಮಗಳು. ತೊಂಬತ್ತು ದಾಟಿದೆ, ನೆನಪು ಗಟ್ಟಿ. ‘ಅತ್ತಿ, ಸಣ್ಣಜ್ಜ ಈ ಮನ್ಯಾಗ ಹುಟ್ಟಿದ್ದೇನ್ರಿ?’ ಎಂದು ಕೇಳಿದೆ.

‘ಇಲ್ಲೋ ತಮ್ಮಾ. ನಮ್ಮವ್ವ ಬರೂವಾಗ ಬಗಲಾಗ ಎತ್ಕೊಂಡ ಬಂದಿದ್ಲಂತ. ಮೂರ ವರ್ಷದ ಕೂಸು. ಅಪ್ಪ ಒಂದ ದಿನಾನೂ ಅವನ್ನ ಬ್ಯಾರೆ ಮಾಡಿ ನೋಡ್ಲಿಲ್ಲ. ಶಾಲಿಗೆ ಹಾಕೂವಾಗ ಮಾಸ್ತರು ಅಪ್ಪನ ಹೆಸರ ಏನಂದ್ರ, ನಂದ ಬರೀರಿ ಅಂದನಂತ.’

ಶಾಲೆಯ ದಾಖಲೆಯ ಆ ಒಂದು ಸಾಲು ಹೇಗೆ ಬಂತೆಂದು ಗೊತ್ತಾಯಿತು. ಆ ಮಾತನ್ನು ಅವರ ಒಪ್ಪಿಗೆಯ ಮೇಲೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಗ್ರ್ಯಾಂಪ್ಸ್‌ನಲ್ಲಿ ಮೂಲಗಳ ಪಟ್ಟಿಗೆ ಸೇರಿಸಿದೆ. ನಾಲ್ಕೂ ಆಧಾರಗಳಿಗೆ ನಾಲ್ಕು ಮೂಲ ದಾಖಲೆ, ಫೋಟೋಗಳು ಅವುಗಳಿಗೆ ಲಗತ್ತು.

ಹಂತ 4: ಕೈಕೊಟ್ಟ ಮೊದಲ ಪ್ರಯತ್ನ

ಹಳೆಯ ಕುಟುಂಬದ ದಾಖಲೆಯ ಸಂಖ್ಯೆ ಎಫ್ 0012. ಅದನ್ನು ತೆರೆದು ತಾಯಿಯ ಜಾಗದಲ್ಲಿದ್ದ ಕಿರಿಯಜ್ಜಿಯನ್ನು ತೆಗೆದು ಹಿರಿಯಜ್ಜಿಯನ್ನು ಹಾಕಿದೆ, ಅಜ್ಜನ ತಾಯಿ ಸರಿಹೋಗಲಿ ಎಂದು. ಆರೂ ಮಕ್ಕಳು ಹಿರಿಯಜ್ಜಿಗೆ ಸೇರಿಬಿಟ್ಟರು, ಕಿರಿಯಜ್ಜಿ ಮಕ್ಕಳೇ ಇಲ್ಲದವಳಾದಳು.

ಕಾರಣ ಸರಳ. ಇಂಥ ತಂತ್ರಾಂಶಗಳಲ್ಲಿ ತಾಯಿ ತಂದೆ ಮಗುವಿನ ದಾಖಲೆಯೊಳಗೆ ಇರುವುದಿಲ್ಲ. ಗಂಡ, ಹೆಂಡತಿ, ಮಕ್ಕಳು ಸೇರಿದ ‘ಕುಟುಂಬ’ ಎಂಬ ಬೇರೆ ದಾಖಲೆಯೊಂದಿರುತ್ತದೆ, ಮಗು ಅದಕ್ಕೆ ಅಂಟಿಕೊಂಡಿರುತ್ತದೆ. ಕುಟುಂಬದೊಳಗಿನ ತಾಯಿಯನ್ನು ಬದಲಿಸಿದರೆ ಅಲ್ಲಿರುವ ಎಲ್ಲ ಮಕ್ಕಳ ತಾಯಿಯೂ ಬದಲಾಗುತ್ತಾಳೆ. ತಿದ್ದಬೇಕಾದದ್ದು ತಾಯಿಯನ್ನಲ್ಲ, ಮಗು ಯಾವ ಕುಟುಂಬಕ್ಕೆ ಸೇರಿದೆ ಎಂಬುದನ್ನು. ‘ಅನ್‌ಡೂ’ ಕೊಟ್ಟು ಹಿಂದಕ್ಕೆ ಬಂದೆ.

ಹಂತ 5: ಮೊದಲು ಹೆತ್ತವರ ಕುಟುಂಬ

‘ಫ್ಯಾಮಿಲೀಸ್’ ಪಟ್ಟಿಯಲ್ಲಿ ಹೊಸ ಕುಟುಂಬ ತೆರೆದೆ. ತಂದೆ: ಮುತ್ತಜ್ಜ, ಇರುವ ದಾಖಲೆಯನ್ನೇ ಆರಿಸಿಕೊಂಡದ್ದು. ತಾಯಿ: ಹಿರಿಯಜ್ಜಿ, ಹೊಸ ದಾಖಲೆ. ಮಕ್ಕಳ ಪಟ್ಟಿಗೆ ಅಜ್ಜ ಮತ್ತು ಅಜ್ಜನ ಅಕ್ಕ.

ಇಲ್ಲಿ ಎಚ್ಚರ ಬೇಕು. ಮಕ್ಕಳ ಪಟ್ಟಿಯ ಮೇಲೆ ಕೂಡಿಸುವ ಚಿಹ್ನೆಯ ಬಟನ್ ಒತ್ತಿದರೆ ಹೊಸ ವ್ಯಕ್ತಿಯೇ ಸೃಷ್ಟಿಯಾಗುತ್ತಾನೆ, ಅಜ್ಜ ಇಬ್ಬರಾಗುತ್ತಾರೆ. ಪಕ್ಕದಲ್ಲಿರುವ, ಇರುವ ವ್ಯಕ್ತಿಯನ್ನು ಸೇರಿಸುವ ಬಟನ್ ಬಳಸಬೇಕು. ಬೇಕಾದ ಹೆಸರು ಆ ಪಟ್ಟಿಯಲ್ಲಿ ಕಾಣದಿದ್ದರೆ ಕೆಳಗಿನ ‘ಶೋ ಆಲ್’ ಗುರುತು ಹಾಕಿದರೆ ಬರುತ್ತದೆ.

ಆಮೇಲೆ ಎಫ್ 0012 ತೆರೆದು ಅಜ್ಜನ ಅಕ್ಕನನ್ನು ಅಲ್ಲಿಂದ ತೆಗೆದೆ. ಕುಟುಂಬದಿಂದ ತೆಗೆದರೆ ವ್ಯಕ್ತಿಯ ದಾಖಲೆ ಅಳಿಯುವುದಿಲ್ಲ, ಸಂಬಂಧದ ಕೊಂಡಿ ಮಾತ್ರ ಬಿಡುತ್ತದೆ. ಅಜ್ಜನನ್ನು ಸದ್ಯಕ್ಕೆ ಹಾಗೇ ಬಿಟ್ಟೆ.

ಮುಂದೆ ಮೂರನೆಯ ಕುಟುಂಬ: ಕಿರಿಯಜ್ಜಿ ಮತ್ತು ಆಕೆಯ ಮೊದಲ ಗಂಡ. ಅವನ ಹೆಸರು ನಮಗೆ ಸಿಕ್ಕಿಲ್ಲ. ತಂದೆಯ ಜಾಗ ಖಾಲಿ ಬಿಟ್ಟು ತಾಯಿ, ಮಗು ಇಷ್ಟೇ ಇರುವ ಕುಟುಂಬವನ್ನು ಗ್ರ್ಯಾಂಪ್ಸ್ ಒಪ್ಪುತ್ತದೆ. ‘ಅಪರಿಚಿತ’ ಎಂಬ ಹೆಸರಿನ ವ್ಯಕ್ತಿಯನ್ನು ಸೃಷ್ಟಿಸಬಾರದು. ಹಾಗೆ ಮಾಡಿದ ಫೈಲುಗಳಲ್ಲಿ ಕೆಲವು ವರ್ಷಗಳಲ್ಲೇ ಹತ್ತಾರು ಅಪರಿಚಿತರು ಸೇರಿ, ಯಾರು ಯಾರೆಂದೇ ತಿಳಿಯದ ಹಾಗೆ ಆಗಿರುತ್ತದೆ. ಸಣ್ಣಜ್ಜನನ್ನು ಈ ಕುಟುಂಬಕ್ಕೆ ಹೆತ್ತ ಮಗನಾಗಿ ಸೇರಿಸಿದೆ.

ಹಂತ 6: ಮಲತಾಯಿ, ಮಲತಂದೆಯ ಕೊಂಡಿ

ಈಗ ಎಫ್ 0012ರಲ್ಲಿ ಐವರಿದ್ದಾರೆ: ಅಜ್ಜ, ಸಣ್ಣಜ್ಜ, ಕಿರಿಯಜ್ಜಿ ಮುತ್ತಜ್ಜರ ಮೂವರು ಮಕ್ಕಳು. ಮಕ್ಕಳ ಪಟ್ಟಿಯಲ್ಲಿ ತಂದೆಯ ಕಡೆಗೊಂದು, ತಾಯಿಯ ಕಡೆಗೊಂದು ಅಂಕಣವಿದೆ. ಎಲ್ಲರ ಮುಂದೆಯೂ ಎರಡರಲ್ಲೂ ‘ಬರ್ತ್’ ಎಂದೇ ಇರುತ್ತದೆ, ತಾನಾಗಿ ಬರುವುದು ಅದೇ. ಬದಲಿಸಲು ಮಗುವಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಎಡಿಟ್ ರಿಲೇಶನ್‌ಶಿಪ್’. ಪಕ್ಕದಲ್ಲೇ ‘ಎಡಿಟ್ ಚೈಲ್ಡ್’ ಇದೆ, ಅದು ವ್ಯಕ್ತಿಯ ವಿವರ ತೆರೆಯುತ್ತದೆ, ನಮಗೆ ಬೇಕಾದದ್ದು ಅದಲ್ಲ.

ಸಣ್ಣಜ್ಜ: ತಂದೆಯೊಂದಿಗೆ ‘ಸ್ಟೆಪ್‌ಚೈಲ್ಡ್’, ತಾಯಿಯೊಂದಿಗೆ ‘ಬರ್ತ್’.
ಅಜ್ಜ: ತಂದೆಯೊಂದಿಗೆ ‘ಬರ್ತ್’, ತಾಯಿಯೊಂದಿಗೆ ‘ಸ್ಟೆಪ್‌ಚೈಲ್ಡ್’.

ತಂದೆಗೂ ತಾಯಿಗೂ ಬೇರೆ ಬೇರೆಯಾಗಿ ಹೇಳಲು ಬರುವುದೇ ಗ್ರ್ಯಾಂಪ್ಸ್‌ನ ದೊಡ್ಡ ಅನುಕೂಲ. ಅದೇ ಪರದೆಯಲ್ಲಿ ಆಧಾರ ಲಗತ್ತಿಸಲೂ ಜಾಗವಿದೆ. ಸಣ್ಣಜ್ಜನ ಕೊಂಡಿಗೆ ವಾಟ್ನಿ ಪತ್ರವನ್ನೂ ಅತ್ತೆಯ ಮಾತನ್ನೂ ಹಚ್ಚಿದೆ.

ಅಜ್ಜನ ಅಕ್ಕನಿಗೆ ಮಲತಾಯಿಯ ಕೊಂಡಿ ಏಕೆ ಹಾಕಲಿಲ್ಲ ಎಂದು ಅಣ್ಣ ಕೇಳಿದ. ತಾಯಿ ಹೋದ ಮೇಲೆ ಆಕೆ ಬೆಳೆದದ್ದು ಸೋದರಮಾವನ ಮನೆಯಲ್ಲಿ, ಕಿರಿಯಜ್ಜಿಯ ಕೈಯಲ್ಲಿ ಅಲ್ಲ. ತಂದೆ ಇನ್ನೊಂದು ಮದುವೆಯಾದನೆಂಬುದು ಮುತ್ತಜ್ಜನ ದಾಖಲೆಯಿಂದಲೇ ಕಾಣುತ್ತದೆ. ಮಗುವನ್ನು ಇನ್ನೊಂದು ಕುಟುಂಬಕ್ಕೆ ಬೇರೆಯಾಗಿ ಸೇರಿಸುವುದು ಅಲ್ಲಿ ಬೆಳೆದಿದ್ದರೆ ಮಾತ್ರ ಎಂಬ ನಿಯಮ ಇಟ್ಟುಕೊಂಡೆ. ಅಜ್ಜ ಏಳನೆಯ ವಯಸ್ಸಿನಿಂದ ಕಿರಿಯಜ್ಜಿಯ ಕೈತುತ್ತು ತಿಂದವರು, ಕೊನೆಯವರೆಗೂ ಆಕೆಯನ್ನು ‘ಅವ್ವ’ ಎಂದವರು. ಅವರಿಗೆ ಆ ಕೊಂಡಿ ಇರಲೇಬೇಕು.

ಕೊನೆಯ ಮಗನಿಗೆ ಎಫ್ 0012ರಲ್ಲಿ ‘ಬರ್ತ್’ ಹಾಗೇ ಉಳಿಯಿತು. ಮುತ್ತಜ್ಜನ ತಮ್ಮನ ಕುಟುಂಬಕ್ಕೂ ಅವನನ್ನು ಸೇರಿಸಿ ಎರಡೂ ಕಡೆ ‘ಅಡಾಪ್ಟೆಡ್’ ಆರಿಸಿದೆ.

ಹಂತ 7: ಯಾವ ತಾಯಿತಂದೆ ಮೊದಲು

ಈಗ ಅಜ್ಜ, ಸಣ್ಣಜ್ಜ, ದತ್ತಕ ಹೋದ ಮಗ, ಮೂವರಿಗೂ ಎರಡೆರಡು ತಾಯಿತಂದೆಯರ ಜೋಡಿ. ಪೂರ್ವಜರ ನಕ್ಷೆ ತೆಗೆದರೆ ಅಜ್ಜನ ಮೇಲೆ ಇನ್ನೂ ಕಿರಿಯಜ್ಜಿಯೇ ಕಾಣುತ್ತಿದ್ದಳು. ಗ್ರ್ಯಾಂಪ್ಸ್ ಪಟ್ಟಿಯಲ್ಲಿ ಮೊದಲು ಇರುವ ಜೋಡಿಯನ್ನೇ ಮುಖ್ಯ ಎಂದು ಹಿಡಿದು ನಕ್ಷೆ ಬರೆಯುತ್ತದೆ, ಕೊಂಡಿಯ ಬಗೆ ನೋಡುವುದಿಲ್ಲ. ‘ರಿಲೇಶನ್‌ಶಿಪ್ಸ್’ ನೋಟದಲ್ಲಿ ಆ ವ್ಯಕ್ತಿಯನ್ನು ತೆರೆದು ‘ರಿಆರ್ಡರ್’ ಒತ್ತಿ, ಬೇಕಾದ ಜೋಡಿಯನ್ನು ಮೇಲಕ್ಕೆ ತರಬೇಕು.

ಅಜ್ಜನಿಗೂ ಸಣ್ಣಜ್ಜನಿಗೂ ಹೆತ್ತವರನ್ನು ಮೇಲಿಟ್ಟೆ. ದತ್ತಕ ಹೋದವರ ಮಕ್ಕಳನ್ನು ಕೇಳಿದಾಗ ಸಾಕಿದವರು ಮೊದಲಿರಲಿ ಎಂದರು, ಹಾಗೇ ಮಾಡಿದೆ. ಇದನ್ನು ವ್ಯಕ್ತಿ ವ್ಯಕ್ತಿಗೆ ಬೇರೆಯಾಗಿ ಇಡಬಹುದು, ಎಲ್ಲರಿಗೂ ಒಂದೇ ನಿಯಮ ಹೇರುವ ಅಗತ್ಯವಿಲ್ಲ.

ಹಂತ 8: ಉಡಿಕೆ ಮತ್ತು ಹೆಸರುಗಳು

ಹಳೆಯ ಫೈಲಿನಲ್ಲಿ ಮುತ್ತಜ್ಜ, ಕಿರಿಯಜ್ಜಿಯ ಸಂಬಂಧದ ಮುಂದೆ ‘ಅನ್‌ಮ್ಯಾರೀಡ್’ ಎಂದಿತ್ತು. ಧಾರೆಯ ಮದುವೆ ಆಗಿಲ್ಲವೆಂದು ಯಾರೋ ಹೇಳಿದ್ದನ್ನು ಕೇಳಿ ಹಾಗೆ ಹಾಕಿದ್ದಂತೆ. ಅದನ್ನು ಕಂಡು ನನಗೆ ಬಹಳ ನೋವಾಯಿತು. ಉಡಿಕೆ ಹಿರಿಯರ ಎದುರು, ದೈವದ ಒಪ್ಪಿಗೆಯಿಂದ, ಸೀರೆ ಉಡಿಸಿ ಆದ ಮದುವೆ. ‘ಮ್ಯಾರೀಡ್’ ಎಂದು ತಿದ್ದಿ, ಮದುವೆಯ ಘಟನೆಯ ವಿವರಣೆಯಲ್ಲಿ ‘ಉಡಿಕೆ, 1928ರ ಸುಮಾರು’ ಎಂದು ಬರೆದೆ. ಸಂಬಂಧದ ಬಗೆಯಲ್ಲೇ ‘ಉಡಿಕೆ’ ಎಂದು ಹೊಸದಾಗಿ ಟೈಪ್ ಮಾಡಲೂ ಬರುತ್ತದೆ. ಆದರೆ ಬೇರೆ ತಂತ್ರಾಂಶಕ್ಕೆ ಅದು ಅರ್ಥವಾಗದೆ ಮದುವೆಯೇ ಕಾಣೆಯಾದೀತೆಂದು ಬಿಟ್ಟೆ.

ಶಾಲೆಯ ದಾಖಲೆಯಲ್ಲಿರುವ ಸಣ್ಣಜ್ಜನ ಹೆಸರನ್ನು ಅಳಿಸಲಿಲ್ಲ. ಜೀವನವಿಡೀ ಅವರು ಸಹಿ ಮಾಡಿದ್ದು ಅದೇ ಹೆಸರಿನಲ್ಲಿ. ಅದೇ ಮುಖ್ಯ ಹೆಸರು, ಆಧಾರ ಶಾಲೆಯ ದಾಖಲೆ. ಹೆಸರಿನಲ್ಲಿ ಮುತ್ತಜ್ಜ ಇರಲಿ, ಹುಟ್ಟು ಎಲ್ಲಿ ಎಂಬುದನ್ನು ಕೊಂಡಿ ಹೇಳುತ್ತದೆ.

ಹಂತ 9: ಸಣ್ಣಜ್ಜನ ಮೊಮ್ಮಗನ ಫೋನು

ಯಾರಿಗೂ ಕಳಿಸುವ ಮೊದಲು ಸಣ್ಣಜ್ಜನ ಮೊಮ್ಮಗನಿಗೆ ಎಲ್ಲ ಹೇಳಿದೆ. ಅವನ ಮನೆಯವರಿಗೆ ಅರ್ಧ ಗೊತ್ತಿತ್ತು. ಅವನ ಮೊದಲ ಪ್ರಶ್ನೆ: ‘ಅಣ್ಣಾರ, ಇದರಿಂದ ಹೊಲದ ಕಾಗದಕ್ಕ ಏನರ ತೊಂದ್ರಿ ಆಗತೈತೇನ್ರಿ?’

ಆಗುವುದಿಲ್ಲ. ಪೌತಿ ಖಾತೆಗೆ (ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಕೇಳುವುದು ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ, ನಮ್ಮ ಫೈಲಿಗೂ ಅದಕ್ಕೂ ಸಂಬಂಧವಿಲ್ಲ. ಅವರ ಎರಡು ಎಕರೆ ಬಂದದ್ದು ವಾರಸುದಾರಿಕೆಯಿಂದಲ್ಲ, ಪತ್ರದ ಮೂಲಕ. ಮಲಮಕ್ಕಳ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಲ್ಲಿ ಹೆಣ್ಣುಮಗಳ ‘ಮಕ್ಕಳು’ ಎಂದರೆ ಮಲಮಗ ಸೇರುವುದಿಲ್ಲ, ಅವನು ಬರುವುದು ಗಂಡನ ವಾರಸುದಾರನಾಗಿ ಮಾತ್ರ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿದೆ. ಆದ್ದರಿಂದಲೇ ಮನೆಯ ವೃಕ್ಷವನ್ನೂ ಕಚೇರಿಯ ವಂಶವೃಕ್ಷವನ್ನೂ ಬೆರೆಸಬಾರದು.

ಅವನ ಒಪ್ಪಿಗೆ ಸಿಕ್ಕಿತು. ಅವನ ತಾಯಿ ಮಾತ್ರ ಊರಿನ ಎಲ್ಲರಿಗೂ ಕಾಣುವುದು ಬೇಡವೆಂದರು. ಆ ಕೊಂಡಿಯ ಪರದೆಯಲ್ಲಿ ಬೀಗದ ಚಿಹ್ನೆ ಒತ್ತಿ ಖಾಸಗಿ ಮಾಡಿದೆ. ಹೊರತೆಗೆಯುವಾಗ ಖಾಸಗಿ ದಾಖಲೆ ಬಿಡುವ ಆಯ್ಕೆ ಹಾಕಿದರೆ ಅದು ಹೊರಗಿನ ಪ್ರತಿಗೆ ಹೋಗುವುದಿಲ್ಲ. ಹಾಗಾದಾಗ ಸಣ್ಣಜ್ಜ ಆ ಪ್ರತಿಯಲ್ಲಿ ಎಲ್ಲಿ ನಿಲ್ಲುತ್ತಾರೆಂದು ತೆರೆದು ನೋಡಿಯೇ ಕಳಿಸಬೇಕು.

ಹಂತ 10: ಮುದ್ರಣ

‘ರಿಲೇಶನ್‌ಶಿಪ್ ಗ್ರಾಫ್’ ಎಂಬ ವರದಿಯಲ್ಲಿ ಹುಟ್ಟಿನಿಂದಲ್ಲದ ಸಂಬಂಧಗಳನ್ನು ಚುಕ್ಕೆಗೆರೆಯಲ್ಲಿ ತೋರಿಸುವ ಆಯ್ಕೆಯಿದೆ. ನಮಗೆ ಬೇಕಾದದ್ದೇ ಅದು. ಪಿಡಿಎಫ್ ತೆಗೆದಾಗ ಕನ್ನಡದ ಜಾಗದಲ್ಲಿ ಚೌಕಗಳು ಬಂದವು. ಎಸ್‌ವಿಜಿಯಾಗಿ ತೆಗೆದು ಇಂಕ್‌ಸ್ಕೇಪ್‌ನಲ್ಲಿ ತೆರೆದು, ಎಲ್ಲ ಪಠ್ಯವನ್ನೂ ಆರಿಸಿ ಫಾಂಟನ್ನು ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿದೆ. ಒತ್ತಕ್ಷರಗಳೆಲ್ಲ ಸರಿಯಾದವು. ಉದ್ದ ಹೆಸರುಗಳು ಪೆಟ್ಟಿಗೆಯಿಂದ ಹೊರಗೆ ಚಾಚಿದ್ದವು, ಅವನ್ನು ಕೈಯಿಂದ ಸರಿಸಿದೆ. 12×18 ಅಂಗುಲದ ಬಣ್ಣದ ಹಾಳೆಗೆ ಮುದ್ರಣದ ಅಂಗಡಿಯಲ್ಲಿ 40 ರೂಪಾಯಿ, ಲ್ಯಾಮಿನೇಶನ್‌ಗೆ ಇನ್ನೂ 60.

ಅಜ್ಜನ ಪೆಟ್ಟಿಗೆಗೆ ಹಿರಿಯಜ್ಜಿಯಿಂದ ಗಟ್ಟಿ ಗೆರೆ, ಕಿರಿಯಜ್ಜಿಯಿಂದ ಚುಕ್ಕೆಗೆರೆ. ವಂಶಜರ ವರದಿಯಲ್ಲಿ ಮಾತ್ರ ಅಜ್ಜನ ಸಂತತಿ ಎರಡು ಸಲ ಬಂತು, ಮುತ್ತಜ್ಜನ ಎರಡೂ ಕುಟುಂಬಗಳಲ್ಲಿ ಅವರು ಇರುವುದರಿಂದ. ಅದರ ಆಯ್ಕೆಗಳಲ್ಲಿ ‘ಶೋ ಡೂಪ್ಲಿಕೇಟ್ ಟ್ರೀಸ್’ ಗುರುತು ತೆಗೆದರೆ ನಿಲ್ಲುತ್ತದೆ.

ಹಂತ 11: ಮರಳಿ ಜೆಡ್‌ಕಾಮ್‌ಗೆ

ಅಣ್ಣನ ತಂತ್ರಾಂಶಕ್ಕೆ ಮರಳಿ ಕಳಿಸಿದಾಗ ಸ್ಟೆಪ್‌ಚೈಲ್ಡ್ ಎಂಬುದೆಲ್ಲ ಮಾಯ. ಅಜ್ಜನಿಗೆ ಎರಡು ತಾಯಿತಂದೆಯರ ಜೋಡಿ, ಎರಡೂ ಹೆತ್ತವರೇ. ಜೆಡ್‌ಕಾಮ್ 5.5.1ರಲ್ಲಿ ಮಗುವಿನ ಸಂಬಂಧ ಹೇಳುವ ‘ಪೆಡಿ’ ಎಂಬ ಗುರುತಿಗೆ ಹುಟ್ಟು, ದತ್ತು, ಪೋಷಣೆ, ಸೀಲಿಂಗ್ (ಮಾರ್ಮನ್ ಪಂಥದ ಒಂದು ವಿಧಿ) ಎಂಬ ನಾಲ್ಕೇ ಬೆಲೆ. ಮಲಸಂಬಂಧಕ್ಕೆ ಜಾಗವಿಲ್ಲ. ಗ್ರ್ಯಾಂಪ್ಸ್ ತಂದೆಗೊಂದು ತಾಯಿಗೊಂದು ಎಂದು ತನ್ನದೇ ಗುರುತುಗಳನ್ನು ಅಡಿಗೆರೆ ಹಾಕಿ ಬರೆಯುತ್ತದೆ. ಗೊತ್ತಿರುವ ತಂತ್ರಾಂಶ ಓದುತ್ತದೆ, ಗೊತ್ತಿಲ್ಲದ್ದು ಬಿಟ್ಟು ಮುಂದೆ ಹೋಗುತ್ತದೆ. 2021ರಲ್ಲಿ ಬಂದ ಜೆಡ್‌ಕಾಮ್ 7ರಲ್ಲಿ ‘ಇತರ’ ಎಂದು ಹಾಕಿ ಪಕ್ಕದಲ್ಲಿ ಮಾತಿನಲ್ಲಿ ವಿವರ ಬರೆಯಬಹುದು. ಅಣ್ಣನದು ಅದನ್ನು ಓದುವುದಿಲ್ಲ.

ಹೀಗಾಗಿ ಅಜ್ಜ, ಸಣ್ಣಜ್ಜ ಇಬ್ಬರ ದಾಖಲೆಗೂ ಒಂದೊಂದು ಟಿಪ್ಪಣಿ ಸೇರಿಸಿದೆ: ಯಾರು ಹೆತ್ತವರು, ಯಾರು ಸಾಕಿದವರು, ಆಧಾರ ಯಾವುದು. ಟಿಪ್ಪಣಿಯನ್ನು ನಾನು ಪ್ರಯೋಗ ಮಾಡಿ ನೋಡಿದ ತಂತ್ರಾಂಶಗಳೆಲ್ಲ ಉಳಿಸಿಕೊಂಡವು. ಮೂಲ ಫೈಲು ಗ್ರ್ಯಾಂಪ್ಸ್‌ನದೇ, ಜೆಡ್‌ಕಾಮ್ ಬರೀ ಹಂಚಲು ಎಂದು ಅಣ್ಣನೂ ನಾನೂ ಒಪ್ಪಿಕೊಂಡಿದ್ದೇವೆ.

ಉಳಿದದ್ದು

ಕಿರಿಯಜ್ಜಿಯ ಮೊದಲ ಗಂಡ. ಆಕೆಯ ತವರೂರು ಗೊತ್ತು, ಮೊದಲು ಕೊಟ್ಟ ಊರು ತುಂಗಭದ್ರೆಯ ದಂಡೆಯ ಕಡೆ ಎಂಬುದಷ್ಟೇ ಅತ್ತೆಗೆ ನೆನಪು. ಆ ಭಾಗದ ಮನೆತನಗಳ ಪುಸ್ತಕ ಇಟ್ಟಿರುವ ಹೆಳವರು ಬೇರೆ. ನಮ್ಮ ಮನೆಗೆ ಬರುವವರು ಅವರನ್ನು ಬಲ್ಲರು, ಈ ಸಲದ ಸುಗ್ಗಿ ಮುಗಿದ ಮೇಲೆ ಭೇಟಿ ಮಾಡಿಸುತ್ತೇನೆ ಎಂದಿದ್ದಾರೆ. ಹೆಸರು ಸಿಕ್ಕರೆ ಖಾಲಿ ಬಿಟ್ಟಿರುವ ತಂದೆಯ ಜಾಗದಲ್ಲಿ ತುಂಬುತ್ತೇನೆ, ಉಳಿದ ಯಾವ ಕೊಂಡಿಯನ್ನೂ ಮುಟ್ಟಬೇಕಾಗಿ ಬರುವುದಿಲ್ಲ.